ಹಳೆಯ ಪಿಕಪ್‌ ಅನ್ನು ತಲೆಯೆತ್ತಿ ಓಡಿಸಬೇಕಾದರೆ

ಹಳೆಯ ಪಿಕಪ್‌ ಇಟ್ಟುಕೊಂಡವರಿಗೆ ಜನ ಮೊದಲು ಕೇಳುವುದು, ಇದನ್ನು ಯಾವಾಗ ಮಾರುತ್ತೀರಿ ಎಂದು. ನನ್ನ ಟಾಟಾ 207 ಡಿಐ ಇಂಡಿ ಸುತ್ತಲಿನ ತೋಟಗಳಿಂದ ವಿಜಯಪುರದ ಎಪಿಎಂಸಿಗೆ, ಕೆಲವೊಮ್ಮೆ ಸೊಲ್ಲಾಪುರಕ್ಕೆ ನಿಂಬೆ ಚೀಲ ಹೊರುತ್ತದೆ. ಅದನ್ನು ಮಾರುವ ಯೋಚನೆ ನನಗಿಲ್ಲ. ಅದರ ಹಿರಿಯಣ್ಣ ಟಾಟಾಮೊಬೈಲ್‌ 206 ರಸ್ತೆಗಿಳಿದದ್ದು 1988ರಲ್ಲಿ. ಆ ವಂಶದ ಗಾಡಿಗಳನ್ನು ನಮ್ಮ ಊರಿನ ಮೇಸ್ತ್ರಿ ಇಂದಿಗೂ ಪಾನಾ ಹಿಡಿದು ಮರದ ನೆರಳಿನಲ್ಲೇ ಬಿಚ್ಚಿ ಜೋಡಿಸುತ್ತಾನೆ. ಆದರೆ ಹಳೆಯದು ಎಂಬ ಒಂದೇ ಕಾರಣಕ್ಕೆ ಹೆಮ್ಮೆಪಡಲಾಗದು. ಬೆಳಿಗ್ಗೆ ಮೊದಲ ಸೆಲ್ಫ್‌ಗೆ ಶುರುವಾಗಿ, ಹೊತ್ತ ಸರಕನ್ನು ಎಪಿಎಂಸಿಯ ಸವಾಲು, ಅಂದರೆ ಹರಾಜು, ಆರಂಭವಾಗುವ ಮೊದಲೇ ಮುಟ್ಟಿಸಬೇಕು. ಅದಕ್ಕೆ ಮಾಲೀಕ ತಾನೇ ಕೈ ಕೊಳೆ ಮಾಡಿಕೊಳ್ಳಬೇಕು.

ಕೀಲಿ ತಿರುಗಿಸುವ ಮೊದಲು ಬಾನೆಟ್‌ ಎತ್ತಿ. ಗಾಡಿ ಸಮತಟ್ಟಾದ ನೆಲದಲ್ಲಿರಲಿ, ಇಂಜಿನ್‌ ತಣ್ಣಗಿರಲಿ. ಡಿಪ್‌ಸ್ಟಿಕ್‌ ಎಳೆದು ಒರೆಸಿ, ಮತ್ತೆ ಇಳಿಸಿ ಆಯಿಲ್‌ ನೋಡಿ. ಎರಡು ಗುರುತುಗಳ ನಡುವೆ ಇದ್ದರೆ ಸಾಕು, ಮೇಲಿನ ಗುರುತು ದಾಟುವಷ್ಟು ಸುರಿಯಬೇಡಿ. ಡೀಸೆಲ್‌ ಇಂಜಿನ್ನಿನಲ್ಲಿ ಆಯಿಲ್‌ ಬೇಗ ಕಪ್ಪಾಗುತ್ತದೆ, ಅದಕ್ಕೆ ಹೆದರಬೇಕಿಲ್ಲ. ಹಾಲು ಬೆರೆತ ಚಹಾದ ಬಣ್ಣ ಕಂಡರೆ ಮಾತ್ರ ಶುರು ಮಾಡದೆ ಮೇಸ್ತ್ರಿಯನ್ನು ಕರೆಸಿ. ಆಯಿಲ್‌ಗೆ ನೀರು ಸೇರಿದೆ ಎಂದು ಅರ್ಥ.

ನಮ್ಮ ಕಡೆ ಹಳೆಯ ಗಾಡಿಗಳನ್ನು ಕೊಲ್ಲುವುದು ದೂರದ ಓಟಕ್ಕಿಂತ ಹೆಚ್ಚಾಗಿ ಬೋರ್‌ವೆಲ್‌ ನೀರು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸ್ನಾನದ ಹಂಡೆಯ ಒಳಗೆ ಬಿಳಿ ಪದರ ಕಟ್ಟುವ ಆ ಸವಳು ನೀರು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಅದೇ ಪದರ ಕಟ್ಟುತ್ತದೆ. ಚಳಿಗಾಲದಲ್ಲಿ ಇದು ತಿಳಿಯುವುದಿಲ್ಲ. ಏಪ್ರಿಲ್‌, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿ, ಹಿಂದೆ ಭಾರವೂ ಇದ್ದಾಗ ಕಾವಿನ ಮುಳ್ಳು ಕೆಂಪಿಗೆ ಏರುತ್ತದೆ. ಹೊಲದ ಪೈಪಿನಿಂದ ನೀರು ತುಂಬಿಸುವ ಅಭ್ಯಾಸವನ್ನು ಇಂದೇ ಬಿಡಿ. ಡಿಸ್ಟಿಲ್ಡ್‌ ನೀರಿಗೆ ಕೂಲಂಟ್‌ ಬೆರೆಸಿ ಹಾಕಿ, ಡಬ್ಬಿಯ ಮೇಲೆ ಬರೆದ ಪ್ರಮಾಣವನ್ನೇ ಪಾಲಿಸಿ. ದಾರಿಯಲ್ಲಿ ಇಂಜಿನ್‌ ಕಾದರೆ ಗಾಡಿಯನ್ನು ಬದಿಗೆ ಹಾಕಿ ಆರಲು ಬಿಡಿ. ಬಿಸಿ ರೇಡಿಯೇಟರಿನ ಮುಚ್ಚಳ ತೆರೆದರೆ ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ.

ಶುರುವಾದ ಮೇಲೆ ಹಿಂದೆ ಹೋಗಿ ಹೊಗೆ ನೋಡಿ. ಕಪ್ಪು ಹೊಗೆ ಬಿಡದೆ ಬಂದರೆ ಮೊದಲು ಏರ್‌ ಫಿಲ್ಟರ್‌ ತೆಗೆದು ನೋಡಿ, ಎರೆ ಹೊಲಗಳ ದಾರಿಯ ದೂಳು ಅದನ್ನು ಬೇಗ ಕಟ್ಟಿಸುತ್ತದೆ. ನೀಲಿ ಹೊಗೆ ಬಂದರೆ ಆಯಿಲ್‌ ಸುಡುತ್ತಿದೆ. ಚಳಿಯ ಬೆಳಿಗ್ಗೆ ಸ್ವಲ್ಪ ಬಿಳಿ ಹೊಗೆ ಸಹಜ. ಇಂಜಿನ್‌ ಕಾದ ಮೇಲೂ ಅದು ನಿಲ್ಲದೆ, ಕೂಲಂಟ್‌ ಕೂಡ ಇಳಿಯುತ್ತಿದ್ದರೆ ಇಂಜಿನ್ನಿನ ತಲೆಭಾಗದ ಕೆಳಗಿರುವ ಹೆಡ್‌ ಗ್ಯಾಸ್ಕೆಟ್‌ ಪರೀಕ್ಷೆ ಮಾಡಿಸಿ.

ಪ್ರತಿ ಮಾಲೀಕನಿಗೂ ಬರಲೇಬೇಕಾದ ಒಂದು ಕೆಲಸವೆಂದರೆ ಡೀಸೆಲ್‌ ಪೈಪಿನಿಂದ ಗಾಳಿ ತೆಗೆಯುವುದು. ಟ್ಯಾಂಕ್‌ ಪೂರ್ತಿ ಬರಿದಾಗಿ ನಿಂತ ಹಳೆಯ ಗಾಡಿಗೆ ಡೀಸೆಲ್‌ ಸುರಿದರಷ್ಟೇ ಸಾಲದು. ಸೆಲ್ಫ್‌ ಹೊಡೆಯುತ್ತಲೇ ಹೋದರೆ ಬ್ಯಾಟರಿ ಇಳಿದು ಎರಡು ಕಷ್ಟಗಳಾಗುತ್ತವೆ. ಡೀಸೆಲ್‌ ಫಿಲ್ಟರಿನ ಮೇಲೆ ಗಾಳಿ ತೆಗೆಯುವ ಬೋಲ್ಟ್‌ ಇರುತ್ತದೆ. ಅದನ್ನು ಒಂದೆರಡು ಸುತ್ತು ಸಡಿಲಿಸಿ, ಕೈಪಂಪನ್ನು ನಿಧಾನವಾಗಿ ಒತ್ತುತ್ತಾ ಇರಿ. ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆಯಿಲ್ಲದ ಡೀಸೆಲ್‌ ಹರಿಯುತ್ತದೆ. ಅದು ಹರಿಯುತ್ತಿರುವಾಗಲೇ ಬೋಲ್ಟ್‌ ಬಿಗಿ ಮಾಡಿ, ಚೆಲ್ಲಿದ್ದನ್ನು ಒರೆಸಿ, ನಂತರ ಸೆಲ್ಫ್‌ ಹೊಡೆಯಿರಿ. ರಾತ್ರಿ ನಾಗಠಾಣದ ಹತ್ತಿರ ಕತ್ತಲಲ್ಲಿ ನಿಂತರೂ ಯಾರಿಗೂ ಫೋನ್‌ ಮಾಡದೆ ಹೊರಡಬಹುದು. ನನಗೆ ಹೆಮ್ಮೆ ಅನ್ನಿಸುವುದು ಇಂಥದ್ದರಲ್ಲಿ, ಬಣ್ಣ ಹಾಗೂ ಸ್ಟಿಕ್ಕರುಗಳಲ್ಲಿ ಅಲ್ಲ.

ಇನ್ನು ಭಾರದ ಮಾತು. ಆರ್‌ಸಿಯಲ್ಲಿ ಖಾಲಿ ತೂಕವೂ ಒಟ್ಟು ತೂಕವೂ ಬರೆದಿರುತ್ತವೆ. ಅವೆರಡರ ವ್ಯತ್ಯಾಸವೇ ನೀವು ಹೊರಬಹುದಾದದ್ದು, ಕ್ಯಾಬಿನ್ನಿನಲ್ಲಿ ಕುಳಿತವರ ತೂಕವನ್ನೂ ಅದರಲ್ಲೇ ಲೆಕ್ಕ ಹಿಡಿಯಬೇಕು. ಭಾರ ಹೊರುವ ಉಕ್ಕಿನ ಪಟ್ಟಿಗಳ ಕಟ್ಟಾದ ಲೀಫ್‌ ಸ್ಪ್ರಿಂಗಿಗೆ ಇನ್ನೊಂದು ಪಟ್ಟಿ ಸೇರಿಸಿದರೆ ಆಯಿತು ಎನ್ನುವವರಿದ್ದಾರೆ. ಪಟ್ಟಿ ಸೇರಿಸಿದರೆ ಹಿಂಭಾಗ ಕುಸಿಯುವುದಿಲ್ಲ, ನಿಜ. ಆದರೆ ಬ್ರೇಕ್‌, ಆಕ್ಸಲ್‌, ಟೈರು ಎಲ್ಲವೂ ಮೊದಲಿನವೇ ಅಲ್ಲವೇ? ಚೀಲಗಳನ್ನು ಕ್ಯಾಬಿನ್‌ ಕಡೆಯಿಂದ ಜೋಡಿಸುತ್ತಾ ಬನ್ನಿ. ಭಾರವೆಲ್ಲ ಹಿಂದಿನ ಚಕ್ರಗಳಿಂದಾಚೆ ಬಿದ್ದರೆ ಮುಂಭಾಗ ಹಗುರಾಗಿ ಸ್ಟಿಯರಿಂಗ್‌ ಹಿಡಿತ ತಪ್ಪುತ್ತದೆ. ಪಟ್ಟಿಗಳನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟುಗಳ ಬಿಗಿ, ಪಟ್ಟಿಗಳಲ್ಲಿ ಬಿರುಕು, ಪಟ್ಟಿಗಳ ತುದಿ ಹಿಡಿಯುವ ಶ್ಯಾಕಲ್‌ಗಳ ಗ್ರೀಸು ಇವನ್ನು ಗಾಡಿ ಖಾಲಿಯಿದ್ದಾಗ ನೋಡಿಕೊಳ್ಳಿ. ಎಷ್ಟೇ ಬೇಕಾದವರು ಕೇಳಿದರೂ ಮಿತಿ ಮೀರಿದ ಭಾರಕ್ಕೆ ಇಲ್ಲ ಎನ್ನಿ. ಕಾಕಾ ಎಂದು ಕರೆಯುವ ಹುಡುಗರಿಗೂ ನಾನು ಹಾಗೆಯೇ ಹೇಳುತ್ತೇನೆ, ಎರಡನೆಯ ಸರದಿ ಬರುತ್ತೇನೆ ಎನ್ನುತ್ತೇನೆ.

ಇಂಡಿ ನಿಂಬೆಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿರುವುದು ನಮಗೆಲ್ಲ ಸಂತೋಷದ ವಿಷಯ, ಆದರೆ ಅದರ ರಸ ಹಿಂದಿನ ತಗಡಿಗೆ ವೈರಿ. ಚೀಲದಲ್ಲಿ ಒಡೆದ ಹಣ್ಣಿನ ಹುಳಿ ಬಣ್ಣ ಸುಲಿದ ಜಾಗದಲ್ಲಿ ತುಕ್ಕು ಹಿಡಿಸುತ್ತದೆ. ಮರಳುವಾಗ ತುಂಬಿಕೊಳ್ಳುವ ರಾಸಾಯನಿಕ ಗೊಬ್ಬರ ಇನ್ನೂ ಕೆಟ್ಟದ್ದು, ಚೆಲ್ಲಿದ ಹರಳು ತೇವ ಹೀರಿ ಮೂಲೆಗಳನ್ನು ತಿನ್ನುತ್ತದೆ. ಇಳಿಸಿದ ದಿನವೇ ಗುಡಿಸಿ, ತೊಳೆದು, ಹಿಂಬಾಗಿಲು ತೆರೆದಿಟ್ಟು ಒಣಗಿಸಿ. ತುಕ್ಕು ಕಂಡಲ್ಲಿ ಉಜ್ಜಿ ರೆಡ್‌ ಆಕ್ಸೈಡ್‌ ಬಳಿಯಿರಿ. ದಸರೆಯ ಆಯುಧ ಪೂಜೆಗೆ ಒಮ್ಮೆ ತೊಳೆದರೆ ಸಾಲದು.

ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾದದ್ದು. ಅಗ್ಗಕ್ಕೆ ಸಿಗುವ ಟೈರು ಕೊಳ್ಳುವಾಗ ಓದಿ ನೋಡಿ. ಸರಕು ವಾಹನಕ್ಕೆ 8 ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ, ಮಾಡಿಸಬೇಕು. ವಿಮೆ, ಹೊಗೆ ಪ್ರಮಾಣಪತ್ರಗಳ ಕೊನೆಯ ದಿನಾಂಕವನ್ನು ಆಯಿಲ್‌ ಬದಲಿಸಿದ ಲೆಕ್ಕದ ಪುಸ್ತಕದಲ್ಲೇ ಬರೆದಿಡಿ.

ನನ್ನ ಮಗಳು ಈಗ ಗಾಡಿ ಕಲಿಯುತ್ತಿದ್ದಾಳೆ. ಅವಳಿಗೆ ನಾನು ಹೇಳಿಕೊಟ್ಟದ್ದು ಇಷ್ಟು. ಗೇರ್‌ ಬದಲಿಸಿದ ಮೇಲೆ ಕಾಲನ್ನು ಕ್ಲಚ್‌ ಮೇಲೆ ಇಡಬೇಡ, ಪ್ಲೇಟ್‌ ಸವೆಯುತ್ತದೆ. ಇಳಿಜಾರಿನಲ್ಲಿ ನ್ಯೂಟ್ರಲ್‌ ಮಾಡಬೇಡ, ಕಡಿಮೆ ಗೇರಿನಲ್ಲೇ ಇಳಿ. ಭಾರ ಹೊತ್ತಾಗ ಮುಂದಿನ ವಾಹನದಿಂದ ಖಾಲಿ ಗಾಡಿಗಿಂತ ದುಪ್ಪಟ್ಟು ದೂರ ಬಿಡು. ಹೊಸ ಸದ್ದು ಕೇಳಿದರೆ ರೇಡಿಯೊ ಆರಿಸಿ, ಯಾವ ಚಕ್ರದ ಕಡೆಯಿಂದ ಬರುತ್ತಿದೆ ಎಂದು ಗಮನಿಸಿ, ಮೇಸ್ತ್ರಿಗೆ ಅಷ್ಟನ್ನು ಸರಿಯಾಗಿ ಹೇಳು.