ಹಾಸನದಿಂದಲೇ ವಿನ್ನಿಪೆಗ್‌ನ ಕಾರು ಸ್ಟಾರ್ಟ್ ಮಾಡಿಸಿದ್ದು

ಕೆನಡಾದ ವಿನ್ನಿಪೆಗ್‌ನಲ್ಲಿರುವ ತಂಗಿಯ ಕಾರು ಮೈನಸ್ 25 ಡಿಗ್ರಿ ಚಳಿಯಲ್ಲಿ ಕೈಕೊಟ್ಟಿತು. ಅಲ್ಲಿ ಬೆಳಗಿನ ಎಂಟು ಗಂಟೆ, ಹಾಸನದಲ್ಲಿ ಸಂಜೆ ಏಳೂವರೆ. ಬಿ.ಎಂ. ರಸ್ತೆಯ ಪರಿಚಯದ ಮೆಕ್ಯಾನಿಕ್ ಬಾಗಿಲು ಹಾಕುವ ಮುಂಚೆ ಮೊಬೈಲ್ ಹಿಡಿದು ಅವರ ಮುಂದೆ ನಿಂತೆ.

ವಿಡಿಯೊ ಕರೆಯಲ್ಲಿ ಕೀ ತಿರುಗಿಸಿದಾಗ ಬರೀ ಟಕಟಕ ಸದ್ದು, ಡ್ಯಾಶ್‌ಬೋರ್ಡ್ ದೀಪಗಳು ಮಂಕು. “ಬ್ಯಾಟರಿ, ಇಲ್ಲವೇ ಅದಕ್ಕೆ ವೈರ್ ಜೋಡಿಸುವ ಟರ್ಮಿನಲ್” ಎಂದರು ಮೆಕ್ಯಾನಿಕ್. ಬಾನೆಟ್ ತೆರೆಸಿದೆವು. ಪಾಸಿಟಿವ್ ಟರ್ಮಿನಲ್ ಮೇಲೆ ಹಸಿರು ಬೆರೆತ ಬಿಳಿ ಪುಡಿ ಬೂಷ್ಟಿನಂತೆ ಕಟ್ಟಿತ್ತು. ನಮ್ಮ ಊರಿನಲ್ಲಾದರೆ ಅಡುಗೆ ಸೋಡಾ ಕಲಸಿದ ಬಿಸಿನೀರು ಸುರಿಯುತ್ತೇವೆ. ಅಲ್ಲಿ ಸುರಿದರೆ ಮಂಜುಗಡ್ಡೆ. ಹಾಗಾಗಿ ಕೈಗವಸು ತೊಡಿಸಿ, ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್ ಕಳಚಿಸಿ, ಉಪ್ಪುಕಾಗದದಿಂದ ನೀರಿಲ್ಲದೆಯೇ ಉಜ್ಜಿಸಿದೆವು. ಜೋಡಿಸುವಾಗ ಪಾಸಿಟಿವ್ ಮೊದಲು.

ಚಾರ್ಜ್ ಇಳಿದ ಬ್ಯಾಟರಿ ಆ ಚಳಿಗೆ ಹೆಪ್ಪುಗಟ್ಟಬಹುದು. ಉಬ್ಬಿದ್ದರೆ ಜಂಪ್, ಅಂದರೆ ಬೇರೆ ಕಾರಿನ ಬ್ಯಾಟರಿಯಿಂದ ಕರೆಂಟು, ಕೊಡಲೇಬಾರದು. ಇದು ಉಬ್ಬಿರಲಿಲ್ಲ. ಪಕ್ಕದ ಮನೆಯವರ ಕಾರಿನಿಂದ ಕೇಬಲ್ ಹಾಕಿಸಿದೆವು. ಕೊನೆಯ ಕಪ್ಪು ಕ್ಲಿಪ್ಪನ್ನು ಸತ್ತ ಬ್ಯಾಟರಿಗಲ್ಲ, ಅದರಿಂದ ದೂರವಿರುವ ಎಂಜಿನ್ನಿನ ಬರಿಯ ಲೋಹಕ್ಕೆ ಕಚ್ಚಿಸಬೇಕು. ಬ್ಯಾಟರಿಯಿಂದ ಹೊರಬರುವ ಹೈಡ್ರೋಜನ್ ಬಳಿ ಕಿಡಿ ಹಾರಬಾರದಲ್ಲ! ಕೆಲವು ನಿಮಿಷ ಬಿಟ್ಟು ಕೀ ತಿರುಗಿಸಿದಾಗ ಎಂಜಿನ್ ಗುರುಗುಟ್ಟಿತು.

ಆಗ ಮೆಕ್ಯಾನಿಕ್ ಕಣ್ಣಿಗೆ ಬಂಪರಿನಲ್ಲಿ ನೇತಾಡುತ್ತಿದ್ದ ಪ್ಲಗ್ ಬಿತ್ತು. ಅದು ಬ್ಲಾಕ್ ಹೀಟರ್‌ನದು. ರಾತ್ರಿ ಕರೆಂಟಿಗೆ ಸಿಕ್ಕಿಸಿದರೆ ಎಂಜಿನ್ ಬೆಚ್ಚಗಿರುತ್ತದೆ. “ಪೆಟ್ರೋಲ್ ಕಾರಿಗೂ ಕರೆಂಟೇ?” ಎಂದು ನಕ್ಕರು. ಹಳೆಯ ಬ್ಯಾಟರಿ ಪರೀಕ್ಷೆಯಲ್ಲಿ ಸೋತಿದ್ದರಿಂದ ತಂಗಿ ಆ ವಾರವೇ ಹೊಸದು ಹಾಕಿಸಿದಳು.