ಮನೆಯ ದುಡ್ಡು, ಹಿಟ್ಟಿನ ದುಡ್ಡು

ಮುಂಬೈ ಬಳಿಯ ಡೊಂಬಿವಲಿಯಲ್ಲಿ ನಾನು ಇಡ್ಲಿ-ದೋಸೆ ಹಿಟ್ಟು ರುಬ್ಬಿ ಮಾರಲು ತೊಡಗಿದ್ದು 2017ರಲ್ಲಿ. ಮೊದಲ ನಾಲ್ಕು ವರ್ಷ ಲೆಕ್ಕವೆಲ್ಲ ಒಂದು ಉದ್ದನೆಯ ಪುಸ್ತಕದಲ್ಲಿತ್ತು: ಎಡಕ್ಕೆ ಬಂದದ್ದು, ಬಲಕ್ಕೆ ಹೋದದ್ದು, ಅಡಿಯಲ್ಲಿ ಶಿಲ್ಕು. ವಾಶಿಯ ಸಗಟು ಮಾರುಕಟ್ಟೆಯಿಂದ ತರಿಸಿದ ಉದ್ದಿನ ಬೇಳೆಯೂ ಮಗಳ ಶಾಲೆಯ ಶುಲ್ಕವೂ ಅದೇ ಬಲಬದಿಯಲ್ಲಿ ಒಂದರ ಕೆಳಗೊಂದು ಕುಳಿತಿರುತ್ತಿದ್ದವು. ಗಿರಾಕಿಗಳು ಯುಪಿಐ ಮೂಲಕ ಕೊಡತೊಡಗಿದ ಮೇಲೆ ಗೊಂದಲ ಇನ್ನೂ ಹೆಚ್ಚಿತು, ಏಕೆಂದರೆ ಆ ಹಣವೆಲ್ಲ ಬೀಳುತ್ತಿದ್ದುದು ನನ್ನ ಉಳಿತಾಯ ಖಾತೆಗೇ. ಚೌತಿಗೆ ಸೀರೆ ತೆಗೆದುಕೋ ಎಂದು ಕುಂದಾಪುರದಿಂದ ಅಣ್ಣ ಕಳುಹಿಸಿದ 2,000 ರೂಪಾಯಿಯನ್ನು ಒಂದು ವರ್ಷ ಹಿಟ್ಟಿನ ಮಾರಾಟವೆಂದು ಬರೆದುಬಿಟ್ಟಿದ್ದೆ.

2021ರ ಏಪ್ರಿಲ್‌ನಲ್ಲಿ ವ್ಯಾಪಾರಕ್ಕೆಂದೇ ಒಂದು ಚಾಲ್ತಿ ಖಾತೆ ತೆರೆದು, ಗ್ನೂಕ್ಯಾಶ್ ಎಂಬ ಲೆಕ್ಕ ಬರೆಯುವ ತಂತ್ರಾಂಶವನ್ನು ಕಂಪ್ಯೂಟರಿಗೆ ಹಾಕಿಕೊಂಡೆ. 1998ರಲ್ಲಿ ಇದರ ಮೊದಲ ಸ್ಥಿರ ಆವೃತ್ತಿ ಹೊರಬಂದಿತು. ಇದು ಉಚಿತ, ಮತ್ತು ಲೆಕ್ಕದ ಕಡತ ನಮ್ಮ ಕಂಪ್ಯೂಟರಿನಲ್ಲಿಯೇ ಉಳಿಯುತ್ತದೆ. ಮೊಬೈಲಿಗೆ ಬರುವ ಸಂದೇಶಗಳನ್ನು ಓದಿ ತಾನೇ ಖರ್ಚು ವಿಂಗಡಿಸುವ ಆ್ಯಪ್‌ಗಳನ್ನೂ ನೋಡಿದ್ದೆ, ಆದರೆ ನಮ್ಮಂಥವರ ಅರ್ಧ ವ್ಯವಹಾರ ರೋಕದಲ್ಲಿ ನಡೆಯುವಾಗ ಅವುಗಳಿಂದ ಅರ್ಧ ಚಿತ್ರ ಮಾತ್ರ ಸಿಗುತ್ತದೆ.

ಗ್ನೂಕ್ಯಾಶ್‌ನಲ್ಲಿ ಪ್ರತಿಯೊಂದು ನಮೂದೂ ಎರಡು ಖಾತೆಗಳನ್ನು ಮುಟ್ಟಲೇಬೇಕು. ಬೇಳೆ ಕೊಂಡರೆ ಬ್ಯಾಂಕಿನಿಂದ ಹೋದದ್ದೂ ಸರಕಿಗೆ ಬಂದದ್ದೂ ಒಟ್ಟಿಗೆ ದಾಖಲಾಗುತ್ತದೆ. ಒಂದು ಬದಿಯನ್ನು ನಾವು ತುಂಬದೆ ಬಿಟ್ಟರೆ ಆ ಮೊತ್ತವನ್ನು ಅದು ‘ಇಂಬ್ಯಾಲೆನ್ಸ್-ಐಎನ್‌ಆರ್’ ಎಂಬ, ಅಂದರೆ ತಾಳೆಯಾಗದ ರೂಪಾಯಿಗಳ, ಖಾತೆಗೆ ತಳ್ಳುತ್ತದೆ. ಮೊದಲ ತಿಂಗಳು ಆ ಖಾತೆಯಲ್ಲಿ 11,000 ರೂಪಾಯಿಗಿಂತ ಹೆಚ್ಚು ನಿಂತಿತ್ತು. ಯಾವುದಕ್ಕೆ ಹೋಯಿತೆಂದು ನನಗೇ ನೆನಪಿಲ್ಲದ ಹಣವೆಲ್ಲ ಅಲ್ಲಿ ಸೇರಿದ್ದನ್ನು ಕಂಡಾಗ ಹಳೆಯ ಪುಸ್ತಕ ಏನನ್ನು ಮುಚ್ಚಿಡುತ್ತಿತ್ತು ಎಂಬುದು ತಿಳಿಯಿತು. ಖಾತೆಗಳಿಗೆ ಕನ್ನಡದಲ್ಲಿಯೇ ಹೆಸರು ಕೊಟ್ಟೆ: ಗಲ್ಲ (ಹಣದ ಪೆಟ್ಟಿಗೆ), ಅಕ್ಕಿ-ಬೇಳೆ, ಪೊಟ್ಟಣ, ಗಾಳೆಯ (ಅಂಗಡಿ ಕೋಣೆಯ) ಬಾಡಿಗೆ, ಉದ್ರಿ.

ಆರಂಭದಲ್ಲಿ ಮನೆಯನ್ನೂ ವ್ಯಾಪಾರವನ್ನೂ ಒಂದೇ ಕಡತದಲ್ಲಿ ಇಟ್ಟಿದ್ದು ನನ್ನ ತಪ್ಪು. ಖಾತೆಗಳನ್ನು ಎರಡು ಗುಂಪು ಮಾಡಿದರೂ ಲಾಭ-ನಷ್ಟದ ವರದಿ ತೆಗೆದಾಗ ಯಜಮಾನರ ಸಂಬಳ, ಹಿಟ್ಟಿನ ಮಾರಾಟ, ತರಕಾರಿ, ಪೊಟ್ಟಣ ಎಲ್ಲವೂ ಕಲಸಿಹೋಗಿ, ಹಿಟ್ಟಿನಿಂದ ನಿಜವಾಗಿ ಉಳಿದದ್ದೆಷ್ಟು ಎಂದು ಪ್ರತಿ ಸಲವೂ ಕೈಯಿಂದ ಕೂಡಿಸಿ ಕಳೆಯಬೇಕಾಗುತ್ತಿತ್ತು. ಮೂರನೆಯ ತಿಂಗಳಲ್ಲಿ ಎರಡು ಕಡತ ಮಾಡಿದೆ. ವ್ಯಾಪಾರದ ಕಡತದಲ್ಲಿ ಬಂಡವಾಳದ ಕೆಳಗೆ ‘ಮನೆಗೆ ತೆಗೆದದ್ದು’ ಎಂಬ ಖಾತೆ. ಮನೆಯ ಕಡತದಲ್ಲಿ ಆದಾಯದ ಕೆಳಗೆ ‘ಹಿಟ್ಟಿನಿಂದ ಬಂದದ್ದು’ ಎಂಬ ಖಾತೆ. ಒಂದೇ ಹಣವನ್ನು ಎರಡು ಕಡೆ ಬರೆಯುವುದು ದಂಡದ ಕೆಲಸವೆಂದು ಮೊದಲು ಅನ್ನಿಸಿತು, ಆದರೆ ತಿಂಗಳ ಕೊನೆಗೆ ಈ ಎರಡು ಖಾತೆಗಳ ಮೊತ್ತ ಒಂದೇ ಆಗಿರಬೇಕಾದ್ದರಿಂದ ಎಲ್ಲಿ ಮರೆತಿದ್ದೇನೆ ಎಂಬುದು ಹತ್ತು ನಿಮಿಷದಲ್ಲಿ ಸಿಕ್ಕಿಬೀಳುತ್ತದೆ.

‘ಮನೆಗೆ ತೆಗೆದದ್ದು’ ಬರೀ ರೋಕವಲ್ಲ. ದಿನಕ್ಕೆ ಅರ್ಧ ಕಿಲೋ ಹಿಟ್ಟು ನಮ್ಮ ಮನೆಗೇ ಬರುತ್ತದೆ. ಮಾರುವ ಬೆಲೆಗೆ ಬರೆದರೆ ಇಲ್ಲದ ಲಾಭ ತೋರುತ್ತದೆಂದು, ಕಿಲೋವಿಗೆ ಅಕ್ಕಿ-ಬೇಳೆಯ ಅಸಲು 30 ರೂಪಾಯಿಯಂತೆ ಹಿಡಿದು, ತಿಂಗಳಿಗೆ 450 ರೂಪಾಯಿಯನ್ನು ಅಕ್ಕಿ-ಬೇಳೆಯ ಖಾತೆಯಿಂದ ಕಳೆದು ಅಲ್ಲಿಗೆ ಹಾಕುತ್ತೇನೆ. ಸ್ಕೂಟರಿನ ಪೆಟ್ರೋಲಿಗೆ ಇನ್ನೊಂದು ಬಗೆ. ಒಂದು ತಿಂಗಳ ಕಾಲ ಓಡಾಟವನ್ನೆಲ್ಲ ಗುರುತು ಹಾಕಿಕೊಂಡಾಗ 830 ಕಿಲೋಮೀಟರಿನಲ್ಲಿ 620 ಹಿಟ್ಟು ತಲುಪಿಸಲು ಹೋದದ್ದೆಂದು ತಿಳಿಯಿತು. ಅಂದಿನಿಂದ ಮುಕ್ಕಾಲು ಪಾಲು ವ್ಯಾಪಾರಕ್ಕೆ, ಕಾಲು ಪಾಲು ಮನೆಗೆ.

ಬ್ಯಾಂಕಿನ ವಿವರಪಟ್ಟಿಯನ್ನು ನೇರವಾಗಿ ಒಳಗೆ ತೆಗೆದುಕೊಳ್ಳುವ ಸೌಲಭ್ಯ ಇದರಲ್ಲಿದೆ, ಅದರಲ್ಲಿಯೇ ನಾನು ಎಡವಿದ್ದೂ ಹೌದು. 2022ರ ಏಪ್ರಿಲ್ 1ರಿಂದ 12ರವರೆಗಿನ ಪಟ್ಟಿಯನ್ನು ಹಾಕುವಾಗ ದಿನ-ತಿಂಗಳು-ವರ್ಷ ಎಂದು ಆರಿಸುವ ಬದಲು ತಿಂಗಳು-ದಿನ-ವರ್ಷ ಎಂದು ಆರಿಸಿದ್ದೆ. ದಿನಾಂಕ 12ನ್ನು ದಾಟಿದ್ದರೆ ತಂತ್ರಾಂಶ ತಕರಾರು ಮಾಡುತ್ತಿತ್ತು, ಹದಿಮೂರನೆಯ ತಿಂಗಳು ಇಲ್ಲವಲ್ಲ! ಹನ್ನೆರಡರೊಳಗೆ ಇದ್ದದ್ದರಿಂದ ಅದು ಸುಮ್ಮನೆ ಒಪ್ಪಿಕೊಂಡಿತು, ಮತ್ತು ಹನ್ನೆರಡು ದಿನಗಳ ವಸೂಲಿ ಜನವರಿಯಿಂದ ಡಿಸೆಂಬರಿನವರೆಗೆ ಪ್ರತಿ ತಿಂಗಳ 4ನೆಯ ತಾರೀಕಿಗೆ ಹೋಗಿ ಕುಳಿತಿತು. ಏಪ್ರಿಲ್ 4ರದ್ದು ಮಾತ್ರ ತನ್ನ ಜಾಗದಲ್ಲಿತ್ತು. ಬ್ಯಾಂಕಿನ ಶಿಲ್ಕಿನೊಂದಿಗೆ ತಾಳೆ ನೋಡುವಾಗ ವ್ಯತ್ಯಾಸ ಸೊನ್ನೆಯಾಗದಿದ್ದುದರಿಂದ ಇದು ಗೊತ್ತಾಯಿತು. ಉಳಿಸಿದಾಗಲೆಲ್ಲ ತಂತ್ರಾಂಶವು ಹಿಂದಿನ ಪ್ರತಿಯನ್ನು ದಿನಾಂಕ-ಸಮಯ ಸಹಿತ ಅದೇ ಜಾಗದಲ್ಲಿ ಇಟ್ಟಿರುತ್ತದೆ. ಅದನ್ನು ತೆರೆದು ಮತ್ತೆ ಮೊದಲಿನಿಂದ ಮಾಡಿದೆ. ಈಗ ವಾರದ ಪಟ್ಟಿ ಹಾಕುವುದಿಲ್ಲ, ತಿಂಗಳು ಪೂರ್ತಿ ಮುಗಿದ ಮೇಲೆಯೇ ಹಾಕುತ್ತೇನೆ. ಹಾಗೆಯೇ ವರದಿಗಳ ಲೆಕ್ಕದ ಅವಧಿ ಜನವರಿಯಿಂದ ಆರಂಭವಾಗುವಂತೆ ಇರುತ್ತದೆ. ಅದನ್ನು ಏಪ್ರಿಲ್ 1ಕ್ಕೆ ಬದಲಾಯಿಸಿಕೊಳ್ಳದೆ ನಮ್ಮ ಕಡೆಯ ತೆರಿಗೆಯ ವರ್ಷಕ್ಕೆ ಅವು ಹೊಂದುವುದಿಲ್ಲ.

ಮಾರಾಟದ ಖಾತೆಯನ್ನು ‘ರೋಕ’ ಮತ್ತು ‘ಯುಪಿಐ-ಬ್ಯಾಂಕು’ ಎಂದು ಸೀಳಿದ್ದು ತೆರಿಗೆಯ ಕಾರಣಕ್ಕೆ. ಆದಾಯ ತೆರಿಗೆ ಕಾಯ್ದೆಯ 44ಎಡಿ ಕಲಮಿನಡಿ ಸಣ್ಣ ವ್ಯಾಪಾರಿಗೆ ಒಟ್ಟು ವಹಿವಾಟಿನ ಶೇ. 8ರಷ್ಟನ್ನು ಲಾಭವೆಂದು ತೋರಿಸುವ ದಾರಿಯಿತ್ತು, ಬ್ಯಾಂಕಿನ ಮೂಲಕ ಬಂದ ಪಾಲಿಗೆ ಶೇ. 6. ಆ ದಾರಿಯಲ್ಲಿ ಪುಸ್ತಕ ಇಡುವ ಕಡ್ಡಾಯವಿರಲಿಲ್ಲ. ನಿಜವಾದ ಲಾಭ ಅದಕ್ಕಿಂತ ಹೆಚ್ಚಿದ್ದರೆ ಹೆಚ್ಚಿದ್ದಷ್ಟನ್ನೇ ತೋರಿಸುವುದು ಸರಿ ಎಂದು ನಮ್ಮ ಲೆಕ್ಕಿಗರು ಹೇಳಿದ್ದರಿಂದಲೂ, ನಿಜವಾದ ಲಾಭ ಎಷ್ಟೆಂದು ನನಗೇ ತಿಳಿಯಬೇಕಿದ್ದರಿಂದಲೂ ಪುಸ್ತಕ ಇಟ್ಟೆ.

ಮೊದಲ ವರ್ಷದ ಕೊನೆಗೆ ಲಾಭ 3,12,000 ರೂಪಾಯಿ ಎಂದು ವರದಿ ತೋರಿಸಿತು. ನಮ್ಮ ಯಜಮಾನರು ಅದನ್ನು ನೋಡಿ, “ಇಷ್ಟು ಲಾಭ ಇದ್ದರೆ ಗ್ರೈಂಡರಿಗೆ ಸಾಲ ಯಾಕೆ ಮಾಡಿದೆ ಮಾರಾಯ್ತಿ?” ಎಂದರು. ಉತ್ತರ ಇನ್ನೊಂದು ಖಾತೆಯಲ್ಲಿತ್ತು: ‘ಮನೆಗೆ ತೆಗೆದದ್ದು’ 2,86,000. ಗಲ್ಲದಿಂದ ಇನ್ನೂರು, ಐನೂರು ಎಂದು ತೆಗೆದದ್ದೇ ಅದರಲ್ಲಿ ಅರ್ಧಕ್ಕಿಂತ ಹೆಚ್ಚು. ಮುಂದಿನ ತಿಂಗಳಿನಿಂದ 1ನೆಯ ತಾರೀಕಿಗೆ 18,000 ರೂಪಾಯಿ ಮಾತ್ರ ಮನೆಗೆ ಎಂದು ನಿಗದಿಪಡಿಸಿ, ತಾನಾಗಿ ದಾಖಲಾಗುವ ನಮೂದೊಂದನ್ನು ಎರಡೂ ಕಡತಗಳಲ್ಲಿ ಮಾಡಿಟ್ಟೆ. ನಾನು ಇದನ್ನು ಸಂಬಳವೆಂದು ಕರೆದುಕೊಂಡರೂ ಒಬ್ಬರೇ ನಡೆಸುವ ವ್ಯಾಪಾರದಲ್ಲಿ ಇದು ಖರ್ಚಾಗುವುದಿಲ್ಲ, ಲಾಭವನ್ನು ಕಡಿಮೆ ಮಾಡುವುದಿಲ್ಲ.

ಗಲ್ಲದ ಎಣಿಕೆ ಮಾತ್ರ ಇಂದಿಗೂ ಕೈಯ ಕೆಲಸ. ಪ್ರತಿ ರಾತ್ರಿ ಚಿಲ್ಲರೆ ಎಣಿಸಿ ತಂತ್ರಾಂಶದ ಶಿಲ್ಕಿನೊಂದಿಗೆ ಹೋಲಿಸುತ್ತೇನೆ. ಹೆಚ್ಚುಕಡಿಮೆ ಬಂದದ್ದನ್ನು ‘ಲೆಕ್ಕಕ್ಕೆ ಸಿಗದ್ದು’ ಎಂಬ ಖಾತೆಗೆ ಬರೆಯುತ್ತೇನೆ. ಕಳೆದ ವರ್ಷ ಮಾರ್ಚ್ 31ಕ್ಕೆ ಅದರಲ್ಲಿ 140 ರೂಪಾಯಿ ಇತ್ತು.