ಹಳೆ ಹೆಸರು, ಹೊಸ ಮಡಚು ಚಾಕು: ಕೊಳ್ಳುವ ಮುನ್ನ ಬುಡ ನೋಡಿ

ಅಮೆರಿಕದ ಹಳೆ ಸಾಮಾನಿನ ಸಂತೆಗಳಲ್ಲಿ ‘ಶ್ರೇಡ್’, ‘ಓಲ್ಡ್ ಟೈಮರ್’, ‘ಕ್ಯಾಮಿಲಸ್’ ಹೆಸರಿನ ಮಡಚು ಚಾಕುಗಳು ಅಕ್ಕಪಕ್ಕದಲ್ಲೇ ಸಿಗುತ್ತವೆ. ಹೆಸರು ಒಂದೇ ಆದರೂ ಹುಟ್ಟೂರು ಒಂದೇ ಅಲ್ಲ. ನ್ಯೂಯಾರ್ಕ್ ರಾಜ್ಯದ ಎಲೆನ್‌ವಿಲ್‌ನಲ್ಲಿದ್ದ ಇಂಪೀರಿಯಲ್ ಶ್ರೇಡ್ ಕಾರ್ಖಾನೆ 2004ರಲ್ಲಿ ಬಾಗಿಲು ಹಾಕಿತು. ಟೇಲರ್ ಬ್ರ್ಯಾಂಡ್ಸ್ ಕಂಪನಿ ಅದರ ‘ಶ್ರೇಡ್’, ‘ಓಲ್ಡ್ ಟೈಮರ್’ ಹೆಸರುಗಳನ್ನು ಕೊಂಡು ಚೀನಾದಲ್ಲಿ ಚಾಕು ಮಾಡಿಸಿತು. 2016ರಲ್ಲಿ ಆ ಕಂಪನಿಯೇ ಬಂದೂಕು ತಯಾರಿಸುವ ಸ್ಮಿತ್ ಅಂಡ್ ವೆಸನ್ ಪಾಲಾಯಿತು. ಕ್ಯಾಮಿಲಸ್ ಕಾರ್ಖಾನೆ ಮುಚ್ಚಿದ್ದು 2007ರಲ್ಲಿ. ಅದರ ಹೆಸರನ್ನು ಕೊಂಡದ್ದು ಆ್ಯಕ್ಮೆ ಯುನೈಟೆಡ್ ಕಂಪನಿ.

ಚೀನಾದ ಚಾಕು ಎಂದ ಮಾತ್ರಕ್ಕೆ ಕಳಪೆಯಲ್ಲ. ಆದರೆ ಅದಕ್ಕೆ ಹಳೆಯದರ ಬೆಲೆ ತೆರುವುದು ನಷ್ಟ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಊರಿಗೆ ಉಡುಗೊರೆ ತರುವಾಗಲೂ ಇದನ್ನು ನೋಡಿಕೊಳ್ಳಬೇಕು.

ಮೊದಲು ಬುಡದ ಅಕ್ಷರ ಓದಿ. ಅಲಗು ಹಿಡಿಯೊಳಗೆ ಸೇರುವ ಕಡೆ ಚಪ್ಪಟೆ ಜಾಗವಿರುತ್ತದೆ. ಮುದ್ರೆ ಬೀಳುವುದು ಅಲ್ಲಿ. ಅಲಗನ್ನು ಪೂರ್ತಿ ಬಿಡಿಸಿ, ಎರಡೂ ಬದಿ ನೋಡಿ. ಆಮದಾದ ಚಾಕುವಿನ ಮೇಲೆ ತಯಾರಾದ ದೇಶದ ಹೆಸರು ಅಳಿಯದಂತೆ ಇರಲೇಬೇಕೆಂಬುದು ಅಮೆರಿಕದ ಕಾನೂನು. ಹಾಗಾಗಿ ಬ್ರ್ಯಾಂಡ್ ಒಂದು ಬದಿಗಿದ್ದರೆ ‘ಚೀನಾ’ ಇನ್ನೊಂದು ಬದಿಗೆ ಇರಬಹುದು. ಮುದ್ರೆಯ ಜಾಗ ಉಜ್ಜಿ ನುಣ್ಣಗಾಗಿದ್ದರೆ ಆ ಚಾಕು ಬಿಟ್ಟುಬಿಡಿ. ಆನ್‌ಲೈನ್‌ನಲ್ಲಿ ಬುಡದ ಫೋಟೊ ಹಾಕದ ಮಾರಾಟಗಾರರಿಂದ ಅದನ್ನು ಕೇಳಿ ತರಿಸಿಕೊಳ್ಳಿ.

ಉಕ್ಕೂ ಸುಳಿವು ಕೊಡುತ್ತದೆ. ಹಳೆಯ ಓಲ್ಡ್ ಟೈಮರ್‌ಗಳಲ್ಲಿ ಬಹುಪಾಲು ಕಾರ್ಬನ್ ಉಕ್ಕಿನವು. ಬಳಸಿದಂತೆಲ್ಲ ಬೂದುಬಣ್ಣಕ್ಕೆ ತಿರುಗುತ್ತವೆ. ಹೊಸವು ಹೆಚ್ಚಾಗಿ ಸ್ಟೇನ್‌ಲೆಸ್.

ಆಮೇಲೆ ಕೈಯಲ್ಲಿ ಪರೀಕ್ಷಿಸಿ. ಬೆಳಕಿಗೆ ಹಿಡಿದು ಹಿಡಿಯ ಬೆನ್ನಿನ ಸ್ಪ್ರಿಂಗ್ ಮತ್ತು ಪಕ್ಕದ ತಗಡಿನ ನಡುವೆ ಸಂದು ಕಾಣುತ್ತದೆಯೇ ನೋಡಿ. ಬಿಡಿಸಿದ ಅಲಗನ್ನು ಎಡಬಲ ಅಲುಗಿಸಿ; ಹೊಸ ಚಾಕು ಗಡಗಡ ಅಲ್ಲಾಡಿದರೆ ಬೇಡ. ಮಡಚುವಾಗ ಅಂಚು ಸ್ಪ್ರಿಂಗಿಗೆ ಬಡಿಯಬಾರದು. ಈ ಚಾಕುಗಳಲ್ಲಿ ಹಲವಕ್ಕೆ ಲಾಕ್ ಇರುವುದಿಲ್ಲ, ಅಲಗನ್ನು ಹಿಡಿದಿಡುವುದು ಸ್ಪ್ರಿಂಗ್ ಒಂದೇ. ಬೆರಳು ಅಂಚಿನ ದಾರಿಯಲ್ಲಿರದಂತೆ ಮಡಚಿ.

ಮನೆಗೆ ತಂದ ಮೇಲೆ ತೊಳೆಯಿರಿ. ಅಗ್ಗದ ಚಾಕುವಿನ ಕೀಲಿನಲ್ಲಿ ಪಾಲಿಶ್ ಪುಡಿ ಉಳಿದಿರುತ್ತದೆ. ಬೆಚ್ಚಗಿನ ಸೋಪುನೀರಿನಲ್ಲಿ ಬಿಡಿಸಿ ಮಡಚಿ, ಕಪ್ಪು ಹೋಗುವವರೆಗೆ ತೊಳೆದು ಚೆನ್ನಾಗಿ ಒಣಗಿಸಿ. ಕೀಲಿಗೆ ಒಂದು ಹನಿ ಮಿನರಲ್ ಆಯಿಲ್ ಸಾಕು. ಹಣ್ಣು ಹೆಚ್ಚುವ ಚಾಕುವಾದರೆ ಆಹಾರಕ್ಕೆ ಬಳಸಬಹುದಾದ ಎಣ್ಣೆಯನ್ನೇ ಆರಿಸಿ. ಅಡುಗೆ ಎಣ್ಣೆ ಬೇಡ, ದಿನ ಕಳೆದಂತೆ ಅಂಟಾಗುತ್ತದೆ.

ಕೊನೆಗೆ ಸಾಣೆ. ನನಗೆ ಇಡೀ ಕೆಲಸದಲ್ಲಿ ಮುಖ್ಯವೆನಿಸುವುದು ಇದೇ. ಕಾರ್ಖಾನೆಯ ಅಂಚು ಬಹಳ ಸಲ ದಪ್ಪ, ಎರಡು ಬದಿಗೂ ಸಮವಿರುವುದಿಲ್ಲ. ಅಂಚಿನುದ್ದಕ್ಕೂ ಮಾರ್ಕರ್‌ನಿಂದ ಗೆರೆ ಬಳಿಯಿರಿ. 1000 ಗ್ರಿಟ್ (ನುಣುಪಿನ ಅಳತೆ) ಸಾಣೆಕಲ್ಲನ್ನು ನೀರಿನಲ್ಲಿ ನೆನೆಸಿ, ಅಲಗನ್ನು ಸುಮಾರು 20 ಡಿಗ್ರಿ ಎತ್ತಿ ಹಿಡಿದು ಮೆಲ್ಲಗೆ ಎಳೆಯಿರಿ. ಬಣ್ಣ ಅಲಗಿನ ಬೆನ್ನಿನ ಕಡೆಗಷ್ಟೇ ಹೋದರೆ ಅಲಗನ್ನು ಇನ್ನಷ್ಟು ಎತ್ತಿ; ಹರಿತವಾದ ಅಂಚಿನ ಗೆರೆಯಲ್ಲಷ್ಟೇ ಹೋದರೆ ತಗ್ಗಿಸಿ. ಆಚೆ ಬದಿಯಲ್ಲಿ ಉಗುರಿಗೆ ತಡೆಯುವ ತೆಳು ಲೋಹದ ಎಳೆ ಬುಡದಿಂದ ತುದಿವರೆಗೂ ಎದ್ದಿತೆಂದರೆ ಆ ಬದಿ ಮುಗಿಯಿತು. ತಿರುಗಿಸಿ ಮತ್ತೆ ಹಾಗೇ ಮಾಡಿ. ಆಮೇಲೆ ಒತ್ತಡ ಕಡಿಮೆ ಮಾಡುತ್ತ ಬದಿ ಬದಲಿಸಿ ಎಳೆಯಿರಿ, ಹಳೆಯ ಚರ್ಮದ ಬೆಲ್ಟಿನ ಮೇಲೆ ಹಿಮ್ಮುಖವಾಗಿ, ಅಂದರೆ ಅಲಗಿನ ಬೆನ್ನು ಮುಂದಾಗಿ, ಸವರಿ. ಪತ್ರಿಕೆಯ ಹಾಳೆ ಸಿಕ್ಕಿಕೊಳ್ಳದೆ ಸೀಳಿದರೆ ಹದ ಬಂದಂತೆ.

ವಿಮಾನದಲ್ಲಿ ತರುವವರು ಕೈಚೀಲದಲ್ಲಿ ಇಡಬೇಡಿ. ಬಟ್ಟೆ ಸುತ್ತಿ ಚೆಕ್-ಇನ್ ಪೆಟ್ಟಿಗೆಗೆ ಹಾಕಿ.